ಬೋರು ಬದಲಾದ ಬಂದೂಕು: ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವ ಮುಂಚೆ

ಮೆಷಿನ್ ಡ್ರಾಯಿಂಗಿನಲ್ಲಿ 'ಲಿಮಿಟ್ಸ್, ಫಿಟ್ಸ್ ಅಂಡ್ ಟಾಲರೆನ್ಸಸ್' ಅಂತ ಒಂದು ಪಾಠ ಬರುತ್ತೆ. ಶಾಫ್ಟು ಎಷ್ಟು ದಪ್ಪ ಇರಬೇಕು, ತೂತು ಎಷ್ಟು ದೊಡ್ಡದಿರಬೇಕು, ಎರಡರ ನಡುವೆ ಎಷ್ಟು ಮೈಕ್ರಾನ್ ಜಾಗ ಇರಬೇಕು ಅನ್ನೋ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಯ ಹಿಂದಿನ ರಾತ್ರಿ ಟೇಬಲ್ ಬಾಯಿಪಾಠ ಮಾಡಿ, ಮರುದಿನ ಮಧ್ಯಾಹ್ನ ಮರೆತುಬಿಡ್ತೇವೆ. ಆದರೆ ಈ ಪಾಠ ತಪ್ಪಿದರೆ ಮನುಷ್ಯನ ಮುಖಕ್ಕೇ ಅಪಾಯ ತರುವ ಒಂದು ಯಂತ್ರ ಇದೆ. ಅದು ರೈಫಲ್. ಅದರಲ್ಲೂ ಒಂದು ತೋಟೆಗೆ ಅಂತ ತಯಾರಾಗಿ, ಆಮೇಲೆ ಇನ್ನೊಂದು ತೋಟೆಗೆ ಬದಲಾಯಿಸಿದ ಹಳೇ ರೈಫಲ್.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಕದ್ವಾಡದಿಂದ. ಕಾರವಾರದಿಂದ ಕಾಳಿ ನದಿಯ ಕಡೆ ಒಳಗೆ ಹೋದರೆ ಸಿಗುವ ಊರು ಅದು. ಒಂದು ಕಡೆ ನದಿ, ಇನ್ನೊಂದು ಕಡೆ ಗುಡ್ಡ, ನಡುವೆ ಗದ್ದೆ ಮತ್ತು ತೆಂಗಿನ ತೋಟ. ಅಲ್ಲಿರುವ ನನ್ನ ಸೋದರಮಾವನಿಗೆ ಪರಿಚಯದವರೊಬ್ಬರು ಹಳೇ ರೈಫಲ್ ಒಂದರ ಸುದ್ದಿ ಹೇಳಿದ್ದರು. "ಮೊದಲು ತ್ರೀ ನಾಟ್ ತ್ರೀ ಇತ್ತು, ಈಗ ತ್ರೀ ಫಿಫ್ಟೀನ್ ಮಾಡಿಸಿದ್ದಾರೆ, ಕಡಿಮೆಗೆ ಸಿಗ್ತದೆ" ಅಂತ. ಮಾವ ಫೋನ್ ಮಾಡಿ ಕೇಳಿದ್ದು ಇಷ್ಟೇ: "ನೀನು ಮೆಕ್ಯಾನಿಕಲ್ ಓದ್ತಾ ಇದ್ದೀಯಲ್ಲ ಮಾರಾಯಾ, ಅದು ತಗೊಳ್ಳುವಂಥದ್ದಾ ಅಲ್ಲವಾ ಹೇಳು."

ಉತ್ತರ ಹೇಳೋಕೆ ತುಂಬಾ ಓದಬೇಕಾಯ್ತು. ಓದಿದ್ದರ ಸಾರ ಇದು: ಪ್ರತಿ ಬಂದೂಕೂ ತನ್ನ ಬಗ್ಗೆ ಮೂರು ಕಡೆ ಹೇಳಿಕೊಂಡಿರುತ್ತೆ. ಒಂದು, ಉಕ್ಕಿನೊಳಗಿನ ನಿಜವಾದ ಅಳತೆ. ಎರಡು, ಮೈಮೇಲೆ ಕೊರೆದ ಮಾರ್ಕು ಮತ್ತು ನಂಬರು. ಮೂರು, ಲೈಸೆನ್ಸಿನಲ್ಲಿ ಬರೆದ ಸಾಲು. ಕಾರ್ಖಾನೆಯಿಂದ ಹೊಸದಾಗಿ ಬಂದ ಬಂದೂಕಿನಲ್ಲಿ ಮೂರೂ ಒಂದೇ ಮಾತು ಹೇಳುತ್ತವೆ. ಬೋರು ಬದಲಾದ ಬಂದೂಕಿನಲ್ಲಿ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮೊದಲೆರಡು ತಾಳೆಯಾಗದಿದ್ದರೆ ಆಸ್ಪತ್ರೆ, ಮೂರನೆಯದು ತಾಳೆಯಾಗದಿದ್ದರೆ ಕೋರ್ಟು.

ತೋಟೆ, ಚೇಂಬರ್, ನಳಿಗೆ

ಮೊದಲು ಭಾಗಗಳನ್ನ ಗುರುತು ಮಾಡ್ಕೊಳ್ಳೋಣ. ತೋಟೆ ಅಂದ್ರೆ ಕಾರ್ಟ್ರಿಜ್. ಒಂದು ಹಿತ್ತಾಳೆ ಕೊಳವೆ, ಅದರ ತಳದಲ್ಲಿ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಗುಂಡು ಬೇರೆ, ತೋಟೆ ಬೇರೆ. ಮಾತಲ್ಲಿ ಎರಡನ್ನೂ ಬುಲೆಟ್ ಅಂದುಬಿಡ್ತೇವೆ, ಇಲ್ಲಿ ಹಾಗೆ ಅನ್ನೋ ಹಾಗಿಲ್ಲ.

ನಳಿಗೆಯ ಹಿಂದಿನ ತುದಿಯಲ್ಲಿ ತೋಟೆ ಕೂರುವಷ್ಟು ಅಗಲ ಮಾಡಿದ ಜಾಗ ಚೇಂಬರ್. ಅದರ ಹಿಂದೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವುದು ಬೋಲ್ಟ್. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದೆ ಬರದಂತೆ ತಡೆಯುತ್ತೆ. ಹಿತ್ತಾಳೆ ತುಂಬಾ ಗಟ್ಟಿ ಲೋಹ ಅಲ್ಲ. ಅದಕ್ಕೆ ಎಲ್ಲಾ ಕಡೆಯಿಂದ ಉಕ್ಕಿನ ಆಸರೆ ಬೇಕು. ಚೇಂಬರಿನ ಕೆಲಸವೇ ಆ ಆಸರೆ ಕೊಡೋದು. ಎಲ್ಲಿ ಆಸರೆ ಇಲ್ಲವೋ ಅಲ್ಲಿ ಹಿತ್ತಾಳೆ ಹರಿಯುತ್ತೆ.

ಇನ್ನು ಹೆಸರುಗಳ ಗೊಂದಲ. .303 ಅಂದ್ರೆ 0.303 ಇಂಚು, 7.7 ಮಿ.ಮೀ. ಆದರೆ ಅದು ಗುಂಡಿನ ವ್ಯಾಸ ಅಲ್ಲ. ನಳಿಗೆಯೊಳಗೆ ಸುರುಳಿಯಾಗಿ ಹೋಗುವ ಗೆರೆಗಳ ಉಬ್ಬುಗಳ ನಡುವಿನ ಅಂತರ ಅದು. .303ರ ಗುಂಡು ಸುಮಾರು 0.311 ಇಂಚು, ಅಂದ್ರೆ 7.9 ಮಿ.ಮೀ. .315 ಅಂದ್ರೆ 8 ಮಿ.ಮೀ., ಅದರ ಗುಂಡು ಸುಮಾರು 0.323 ಇಂಚು, 8.2 ಮಿ.ಮೀ. ಎರಡು ಗುಂಡುಗಳ ನಡುವೆ ವ್ಯತ್ಯಾಸ 0.3 ಮಿ.ಮೀ.

0.3 ಮಿ.ಮೀ. ಏನು ಮಹಾ ಅನ್ನಿಸಬಹುದು. ಟೇಬಲ್ ತೆಗೆದು ನೋಡಿ. 6ರಿಂದ 10 ಮಿ.ಮೀ. ವ್ಯಾಸದ ತೂತಿಗೆ ಎಚ್7 ಟಾಲರೆನ್ಸ್ 15 ಮೈಕ್ರಾನ್. ನಮ್ಮ ವ್ಯತ್ಯಾಸ 300 ಮೈಕ್ರಾನ್. ಇಪ್ಪತ್ತು ಪಟ್ಟು. ಬೇರಿಂಗನ್ನ ಪ್ರೆಸ್ ಹಾಕಿ ಕೂರಿಸುವ ಇಂಟರ್ಫಿಯರೆನ್ಸ್ ಫಿಟ್ ಕೂಡ ಇಷ್ಟು ಬಿಗಿ ಇರೋದಿಲ್ಲ. ಬರೀ ಕ್ಯಾಲಿಬರ್ ಹೆಸರು ನೋಡಿ "ಹತ್ತಿರ ಹತ್ತಿರ ಒಂದೇ ಅಲ್ವಾ" ಅನ್ನೋದು ಇಲ್ಲಿ ನಡೆಯಲ್ಲ.

ಉದ್ದವೂ ಬೇರೆ. .303ರ ಹಿತ್ತಾಳೆ ಸುಮಾರು 56 ಮಿ.ಮೀ. ಉದ್ದ. .315ರದ್ದು ಸುಮಾರು 50 ಮಿ.ಮೀ., ಆದರೆ ತಳದ ಕಡೆ ಹೆಚ್ಚು ದಪ್ಪ. ಒಂದು ಸಪೂರ ಮತ್ತು ಉದ್ದ, ಇನ್ನೊಂದು ಕುಳ್ಳ ಮತ್ತು ದಪ್ಪ.

ಹಾಗಾದ್ರೆ ಬದಲಾಯಿಸಿದ್ದು ಯಾಕೆ?

ಇದರ ಉತ್ತರ ಎಂಜಿನಿಯರಿಂಗಿನಲ್ಲಿ ಇಲ್ಲ, ಇತಿಹಾಸದಲ್ಲಿದೆ. .303 ಬ್ರಿಟಿಷ್ ಸೇನೆಯ ತೋಟೆ. ಸೇನೆಯ ಉಗ್ರಾಣದಿಂದ ಕದ್ದ ತೋಟೆ ಊರಿನ ಬಂದೂಕಿಗೆ ಹೊಂದಿದರೆ ಸರ್ಕಾರಕ್ಕೆ ತಲೆನೋವು. ಅದಕ್ಕೇ 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಖಾಸಗಿಯವರು .303 ಇಟ್ಟುಕೊಳ್ಳೋದನ್ನ ತಡೆಯಿತು. ಇದೇ ಯೋಚನೆಯಿಂದ 1907ರಲ್ಲಿ ಭಾರತ ಮತ್ತು ಸುಡಾನಿನಲ್ಲಿ .450 ಬೋರಿಗೂ ನಿಷೇಧ ಬಂತು. ಇಂಗ್ಲೆಂಡಿನ ಬಂದೂಕು ಕಂಪನಿಗಳು ಸುಮ್ಮನೆ ಕೂರಲಿಲ್ಲ. .450ರ ಬದಲು .465, .470 ಅಂತ ಹೊಸ ಅಳತೆಗಳನ್ನ ಮಾರುಕಟ್ಟೆಗೆ ಬಿಟ್ಟವು.

.303ರ ಜಾಗಕ್ಕೆ ಬಂದ ಅಳತೆಗಳಲ್ಲಿ ಒಂದು .315. ಮೂಲದಲ್ಲಿ ಇದು ಆಸ್ಟ್ರಿಯಾ-ಹಂಗೇರಿ ಸೇನೆಯ 8×50 ಮಾನ್ಲಿಕರ್ ತೋಟೆ. ಬ್ರಿಟಿಷ್ ಸೇನೆ ಇದನ್ನ ಬಳಸ್ತಾ ಇರಲಿಲ್ಲ, ಹಾಗಾಗಿ ಕದ್ದ ತೋಟೆ ಇದಕ್ಕೆ ಹೊಂದೋ ಭಯ ಇಲ್ಲ. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ತನ್ನ ಲೀ ಮಾದರಿಯ ರೈಫಲನ್ನು ಈ ತೋಟೆಗೆ ಹೊಂದಿಸಿ ಭಾರತಕ್ಕೆ ಕಳಿಸಿತು. ಸ್ವಾತಂತ್ರ್ಯ ಬಂದ ಮೇಲೂ ನಿಯಮದ ನೆರಳು ಹಾಗೇ ಉಳಿಯಿತು. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ ಮಾಡಿತು, ಪುಣೆ ಹತ್ತಿರದ ಖಡ್ಕಿ ಕಾರ್ಖಾನೆ ಅದಕ್ಕೆ ತೋಟೆ ಮಾಡಿತು. ತೋಟೆಯ ತಳದಲ್ಲಿ ಕಾಣುವ 'ಕೆಎಫ್' ಅನ್ನೋ ಅಕ್ಷರ ಅದೇ ಖಡ್ಕಿಯ ಗುರುತು. ಯುರೋಪಿನಲ್ಲಿ ಹುಟ್ಟಿದ ಸೇನೆಯ ತೋಟೆ ಅಲ್ಲಿ ಯಾವಾಗಲೋ ಹಳೆಯದಾಯಿತು, ನಮ್ಮಲ್ಲಿ ಮಾತ್ರ ಇವತ್ತಿಗೂ ಸಾಮಾನ್ಯ.

ಹಾಗಾಗಿ ನೋಡೋಕೆ .303 ತರಾನೇ ಇರುವ .315 ರೈಫಲ್ ಎದುರಿಗೆ ಬಂದರೆ ಎರಡು ಸಾಧ್ಯತೆ. ಒಂದು, ಅದು ಕಾರ್ಖಾನೆಯಲ್ಲೇ .315 ಆಗಿ ಹುಟ್ಟಿದ್ದು. ಇನ್ನೊಂದು, ಅದು .303 ಆಗಿ ಹುಟ್ಟಿ ಆಮೇಲೆ ಯಾರೋ ಬದಲಾಯಿಸಿದ್ದು. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ವ್ಯತ್ಯಾಸ ಇರೋದು ಒಳಗೆ.

ಬದಲಾವಣೆ ಅಂದ ಕೂಡಲೆ ಎಲ್ಲಾ ಕೆಟ್ಟದ್ದು ಅಂತಲೂ ಅಲ್ಲ. ಸರ್ಕಾರವೇ ಮಾಡಿದ ಮೂರು ಉದಾಹರಣೆ ನೋಡಿ.

ಒಂದು, .22 ತರಬೇತಿ ರೈಫಲ್. ಕಾಲೇಜಿನ ಎನ್‌ಸಿಸಿ ಕ್ಯಾಡೆಟ್‌ಗಳಿಗೆ .22 ಗೊತ್ತಿರುತ್ತೆ. ಹಿಂದೆ ಹಳೇ ಲೀ-ಎನ್‌ಫೀಲ್ಡ್ ನಳಿಗೆಯೊಳಗೆ ಇನ್ನೊಂದು ಸಣ್ಣ ಕೊಳವೆ ಕೂರಿಸಿ .22 ಮಾಡುತ್ತಿದ್ದರು. ದೊಡ್ಡ ಒತ್ತಡಕ್ಕೆ ಮಾಡಿದ ಉಕ್ಕಿನಲ್ಲಿ ಸಣ್ಣ ಒತ್ತಡದ ತೋಟೆ. ಫ್ಯಾಕ್ಟರ್ ಆಫ್ ಸೇಫ್ಟಿ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ.

ಎರಡು, .410 ಮಸ್ಕೆಟ್. ಇಶಾಪುರದಲ್ಲಿ .303 ರೈಫಲುಗಳ ನಳಿಗೆಯನ್ನು ಒಳಗೆ ನುಣುಪು ಮಾಡಿ, ಒಂದೊಂದೇ ತೋಟೆ ಹಾಕುವ ಹಾಗೆ ಬದಲಾಯಿಸಿ ಪೊಲೀಸ್ ಮತ್ತು ಕಾವಲಿನವರಿಗೆ ಕೊಟ್ಟರು. ಇಲ್ಲಿ ಒಂದು ಗಮ್ಮತ್ತಿನ ವಿಷಯ ಇದೆ. ಜಗತ್ತಿನ ಅಂಗಡಿಗಳಲ್ಲಿ .410 ಅಂತ ಸಿಗೋದು ಶಾಟ್‌ಗನ್ ತೋಟೆ. ಇಶಾಪುರದ .410 ಮಾತ್ರ .303ರ ಹಿತ್ತಾಳೆಯಿಂದಲೇ ಮಾಡಿದ ಬೇರೆ ತೋಟೆ. ಈ ಮಸ್ಕೆಟ್‌ಗಳು ವಿದೇಶದಲ್ಲಿ ಹಳೇ ಸಾಮಾನಾಗಿ ಮಾರಾಟವಾದಾಗ, ಕೊಂಡವರು ಅಂಗಡಿಯ .410 ತೋಟೆ ಬಳಸಬೇಕಾದರೆ ಚೇಂಬರ್ ಮತ್ತೆ ಬದಲಾಯಿಸಬೇಕಾಗಿತ್ತು. ಹೆಸರು ಒಂದೇ, ಚೇಂಬರ್ ಬೇರೆ.

ಮೂರು, ಇಶಾಪುರ 2ಎ. 1962ರ ಚೀನಾ ಯುದ್ಧದ ನಂತರ ನಮ್ಮ ಸೇನೆ 7.62×51 ತೋಟೆಗೆ ಬದಲಾಗ್ತಾ ಇತ್ತು. ಆಗ ಇಶಾಪುರ ಲೀ-ಎನ್‌ಫೀಲ್ಡ್ ವಿನ್ಯಾಸದಲ್ಲೇ 7.62 ರೈಫಲ್ ಮಾಡಿತು. ಇದು ಹಳೇ .303 ಅನ್ನು ಕೊರೆದು ಮಾಡಿದ್ದು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ. ಹೊಸ ತೋಟೆಯ ಒತ್ತಡ ಹೆಚ್ಚು ಅಂತ ಹೆಚ್ಚು ಗಟ್ಟಿಯಾದ ಉಕ್ಕಿನಿಂದ ಹೊಸದಾಗಿಯೇ ಮಾಡಿದ್ದು. ಮ್ಯಾಗಜಿನ್, ತೋಟೆಯನ್ನ ಹಿಡಿದು ಎಳೆಯುವ ಎಕ್ಸ್‌ಟ್ರಾಕ್ಟರ್ ಎಲ್ಲಾ ಬೇರೆ.

ಈ ಮೂರರಿಂದ ಒಂದು ಸೂತ್ರ ಸಿಗುತ್ತೆ. ಒತ್ತಡ ಇಳಿಯುವ ಕಡೆಗೆ ಬದಲಾವಣೆ ಸುಲಭ. ಒತ್ತಡ ಏರುವ ಕಡೆಗೆ ಹೋಗಬೇಕಾದರೆ ಕಾರ್ಖಾನೆಗೇ ಉಕ್ಕು ಬದಲಾಯಿಸಬೇಕಾಯಿತು. ಇನ್ನು ಎರಡನೇ ಉದಾಹರಣೆಯ ಪಾಠ, ಹೆಸರನ್ನ ನಂಬಬಾರದು.

ಒತ್ತಡದ ಲೆಕ್ಕ

ಅಂತಾರಾಷ್ಟ್ರೀಯ ಪ್ರೂಫ್ ಆಯೋಗ ಸಿಐಪಿ ಪ್ರಕಾರ .303 ತೋಟೆಯ ಗರಿಷ್ಠ ಒತ್ತಡ 3650 ಬಾರ್. ನಿಮ್ಮ ಬೈಕಿನ ಟಯರಿನಲ್ಲಿ ಎರಡು ಬಾರ್ ಚಿಲ್ಲರೆ ಇರುತ್ತೆ. 3650 ಬಾರ್ ಅಂದ್ರೆ ಪ್ರತಿ ಚದರ ಮಿ.ಮೀ.ಗೆ 365 ನ್ಯೂಟನ್. ಹಿತ್ತಾಳೆಯ ಒಳಗಿನ ತಳ ಸುಮಾರು 10 ಮಿ.ಮೀ. ವ್ಯಾಸ ಅಂತ ಇಟ್ಕೊಳ್ಳಿ. ವಿಸ್ತೀರ್ಣ 78.5 ಚದರ ಮಿ.ಮೀ. ಗುಣಿಸಿದರೆ ಸುಮಾರು 28,600 ನ್ಯೂಟನ್. ಅಂದ್ರೆ ಹತ್ತಿರ ಹತ್ತಿರ ಮೂರು ಟನ್ ತೂಕ ಒಂದು ಕ್ಷಣ ಬೋಲ್ಟನ್ನ ಹಿಂದಕ್ಕೆ ತಳ್ಳುತ್ತೆ. ಆ ಬೋಲ್ಟಿನ ಹಿಂದೆ ಇರೋದು ಗುರಿ ಹಿಡಿದವರ ಕಣ್ಣು. (ಹಿತ್ತಾಳೆ ಗೋಡೆಗೆ ಅಂಟಿಕೊಳ್ಳೋದರಿಂದ ನಿಜದಲ್ಲಿ ಬಲ ಸ್ವಲ್ಪ ಕಡಿಮೆ. ಆದರೆ ಚೇಂಬರಿನಲ್ಲಿ ಎಣ್ಣೆ ಇದ್ದರೆ ಆ ಅಂಟು ಹೋಗುತ್ತೆ, ಪೂರ್ತಿ ಬಲ ಬೋಲ್ಟಿನ ಮೇಲೆಯೇ ಬರುತ್ತೆ.)

7.62×51ಕ್ಕೆ ಈ ಮಿತಿ 4150 ಬಾರ್. ಸುಮಾರು 14 ಶೇಕಡಾ ಹೆಚ್ಚು. ಇಶಾಪುರ ಉಕ್ಕು ಯಾಕೆ ಬದಲಾಯಿಸಿತು ಅನ್ನೋದು ಈಗ ಅರ್ಥ ಆಗುತ್ತೆ.

ಲೀ-ಎನ್‌ಫೀಲ್ಡ್ ಬೋಲ್ಟಿನ ಇನ್ನೊಂದು ಗುಣ ನೋಡಬೇಕು. ಮಾಸರ್ ಮಾದರಿಯಲ್ಲಿ ಬೋಲ್ಟಿನ ಬೀಗದ ಹಲ್ಲುಗಳು ಮುಂದೆ, ಚೇಂಬರಿನ ಪಕ್ಕದಲ್ಲೇ ಇರುತ್ತವೆ. ಲೀ ಮಾದರಿಯಲ್ಲಿ ಹಿಂದೆ ಇರುತ್ತವೆ. ಮುಂದಿನಿಂದ ಮೂರು ಟನ್ ತಳ್ಳಿದಾಗ ಇಡೀ ಬೋಲ್ಟ್ ಸ್ಪ್ರಿಂಗಿನ ಹಾಗೆ ಚೂರು ಕುಗ್ಗುತ್ತೆ, ಅದನ್ನ ಹಿಡಿದಿರುವ ರಿಸೀವರ್ ಚೂರು ಹಿಗ್ಗುತ್ತೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸಿನ ಪಿಎಲ್ ಬೈ ಎಇ ಸೂತ್ರ ನೆನಪಿಸ್ಕೊಳ್ಳಿ: ಉದ್ದ ಹೆಚ್ಚಾದಷ್ಟೂ ಕುಗ್ಗುವುದು ಹೆಚ್ಚು. ಇದು ವಿನ್ಯಾಸದ ದೋಷ ಅಲ್ಲ. ಎರಡು ಮಹಾಯುದ್ಧ ಮಾಡಿದ ವಿನ್ಯಾಸ ಅದು. ಆದರೆ ತನ್ನ ತೋಟೆಗೆ ಸರಿಯಾದ ವಿನ್ಯಾಸ. ಬೇರೆ ತೋಟೆ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹೆಡ್‌ಸ್ಪೇಸ್: ಕಾಲು ಮಿಲಿಮೀಟರಿನ ಕಥೆ

.303, .315 ಎರಡೂ ತಳದಲ್ಲಿ ಅಂಚು ಇರುವ ತೋಟೆಗಳು, ಮೊಳೆಯ ತಲೆಯ ಹಾಗೆ. ಆ ಅಂಚು ಚೇಂಬರಿನ ಬಾಯಿಗೆ ತಾಗಿ ನಿಲ್ಲುತ್ತೆ. ಅಂಚು ನಿಲ್ಲುವ ಜಾಗದಿಂದ ಬೋಲ್ಟಿನ ಮುಖದವರೆಗಿನ ಅಂತರವೇ ಹೆಡ್‌ಸ್ಪೇಸ್. .303 ಲೀ-ಎನ್‌ಫೀಲ್ಡಿಗೆ ಇದು 0.064 ಇಂಚಿಗಿಂತ ಕಡಿಮೆ ಇರಬಾರದು, 0.074 ಇಂಚಿಗಿಂತ ಹೆಚ್ಚಿರಬಾರದು. ಮಿಲಿಮೀಟರಿನಲ್ಲಿ 1.63ರಿಂದ 1.88. ಅಂದ್ರೆ ಸುರಕ್ಷತೆಯ ಇಡೀ ಜಗತ್ತು ಕಾಲು ಮಿಲಿಮೀಟರಿನೊಳಗೆ.

ಅಂತರ ಕಡಿಮೆಯಾದರೆ ಬೋಲ್ಟ್ ಮುಚ್ಚೋದೇ ಇಲ್ಲ. ಹೆಚ್ಚಾದರೆ? ಗುಂಡು ಹಾರಿದಾಗ ಹಿತ್ತಾಳೆಯ ಮುಂಭಾಗ ಗೋಡೆಗೆ ಅಂಟಿಕೊಳ್ಳುತ್ತೆ, ತಳ ಮಾತ್ರ ಖಾಲಿ ಜಾಗದತ್ತ ಹಿಂದಕ್ಕೆ ಹೋಗುತ್ತೆ. ನಡುವಿನ ಹಿತ್ತಾಳೆ ಚ್ಯೂಯಿಂಗ್ ಗಮ್ಮಿನ ಹಾಗೆ ಎಳೆದುಕೊಂಡು ತೆಳುವಾಗುತ್ತೆ. ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಒಂದು ಉಂಗುರ ಕಾಣಿಸುತ್ತೆ. ಆ ಉಂಗುರ ಎಚ್ಚರಿಕೆಯ ಗಂಟೆ. ಮುಂದಿನ ಹಂತದಲ್ಲಿ ಅಲ್ಲೇ ಹರಿದು ಎರಡು ತುಂಡಾಗುತ್ತೆ, ಮೂರು ಸಾವಿರ ಬಾರ್ ಅನಿಲ ಹಿಂದಕ್ಕೆ ದಾರಿ ಹುಡುಕುತ್ತೆ.

ಬೋರು ಬದಲಾಯಿಸಿದ ರೈಫಲಿನಲ್ಲಿ ಈ ಅಂತರವನ್ನ ಹೊಸ ತೋಟೆಯ ಅಳತೆಗೆ ಮತ್ತೆ ಹೊಂದಿಸಿರಬೇಕು. ಹೊಂದಿಸಿದ್ದಾರೋ ಇಲ್ಲವೋ ಅಂತ ಕಣ್ಣಿನಲ್ಲಿ ನೋಡಿ ಹೇಳೋಕಾಗಲ್ಲ. ಅದಕ್ಕೆ 'ಗೋ' ಮತ್ತು 'ನೋ-ಗೋ' ಗೇಜ್ ಬೇಕು. ಮೆಟ್ರಾಲಜಿ ಲ್ಯಾಬಿನಲ್ಲಿ ನಾವು ಬಳಸುವ ಪ್ಲಗ್ ಗೇಜಿನದೇ ತತ್ವ: 'ಗೋ' ಹಾಕಿದಾಗ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಹಾಕಿದಾಗ ಮುಚ್ಚಬಾರದು. ಮತ್ತು ಗೇಜು ಈಗಿನ ತೋಟೆಯದ್ದಾಗಿರಬೇಕು, ಹುಟ್ಟಿದ ತೋಟೆಯದ್ದಲ್ಲ.

ಇಲ್ಲೇ ಮಾವನಿಗೆ ಬಂದ ರೈಫಲಿನ ನಿಜವಾದ ಪ್ರಶ್ನೆ ಇರೋದು. .303ರ ಚೇಂಬರ್ ಉದ್ದ, .315ರದ್ದು ಗಿಡ್ಡ. ಕೊರೆಯುವವನು ಲೋಹ ತೆಗೆಯಬಲ್ಲ, ಮತ್ತೆ ಸೇರಿಸಲಾರ. ಹಳೇ ನಳಿಗೆಯಲ್ಲೇ .315 ಚೇಂಬರ್ ಕೊರೆದರೆ ಹಿಂದಿನ ಭಾಗ ಸರಿ ಬಂದೀತು. ಮುಂದಿನ ಭಾಗದಲ್ಲಿ ಹಳೇ ಚೇಂಬರಿನ ಖಾಲಿ ಜಾಗ ಉಳಿದೇ ಇರುತ್ತೆ, ಅಲ್ಲಿ ಹಿತ್ತಾಳೆಗೆ ಆಸರೆ ಇರೋದಿಲ್ಲ. ಜೊತೆಗೆ ನಳಿಗೆಯ ಉದ್ದಕ್ಕೂ ಒಳವ್ಯಾಸ ಹೆಚ್ಚಿಸಿ ಹೊಸದಾಗಿ ಗೆರೆ ಹಾಕಬೇಕು. ಹಾಗಾಗಿ ಸರಿಯಾದ ಬದಲಾವಣೆ ಅಂದರೆ ಸಾಮಾನ್ಯವಾಗಿ ಹೊಸ ನಳಿಗೆಯೇ. "ಬೋರು ಬದಲಾಯಿಸಿದ್ದಾರೆ" ಅಂದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಳಿಗೆ ಬದಲಾಯಿಸಿದ್ದಾರಾ, ಅಥವಾ ಹಳೇದನ್ನೇ ಕೊರೆದಿದ್ದಾರಾ? ಎರಡನೇ ಪ್ರಶ್ನೆ: ಯಾರು, ಯಾವ ಲೈಸೆನ್ಸಿನ ಮೇಲೆ ಮಾಡಿದರು? ಮೂರನೇದು: ಆಮೇಲೆ ಪ್ರೂಫ್ ಮಾಡಿಸಿದ್ದಾರಾ?

ಮೈಮೇಲಿನ ಬರಹ ಓದೋದು

ಪ್ರೂಫ್ ಅಂದ್ರೆ ಬಂದೂಕಿಗೆ ಪರೀಕ್ಷೆ. ಮಾಮೂಲಿ ಮಿತಿಗಿಂತ ಹೆಚ್ಚು ಒತ್ತಡದ ತೋಟೆಯನ್ನ ದೂರದಿಂದ ಹಾರಿಸಿ, ಏನೂ ಬಿರುಕು ಬಿಡದಿದ್ದರೆ ಉಕ್ಕಿನ ಮೇಲೆ ಮುದ್ರೆ ಒತ್ತುತ್ತಾರೆ. ಸಿಐಪಿ ನಿಯಮದಲ್ಲಿ ರೈಫಲ್ ತೋಟೆಗೆ ಇದು ಗರಿಷ್ಠ ಒತ್ತಡಕ್ಕಿಂತ 25 ಶೇಕಡಾ ಹೆಚ್ಚು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡ್ತಾ ಇದೆ. ಮುಖ್ಯವಾದ ಮಾತು ಏನಂದ್ರೆ, ಪ್ರೂಫ್ ಮುದ್ರೆ ಆ ದಿನದ ಚೇಂಬರಿಗೆ ಮಾತ್ರ. ಆಮೇಲೆ ಚೇಂಬರ್ ಬದಲಾದರೆ ಹಳೇ ಮುದ್ರೆ ಹಳೇ ಸೆಮಿಸ್ಟರಿನ ಹಾಲ್ ಟಿಕೆಟ್ ಇದ್ದ ಹಾಗೆ. ಫೋಟೋ ನಿಮ್ಮದೇ, ಆದರೆ ಒಳಗೆ ಬಿಡಲ್ಲ.

ನೋಡಬೇಕಾದ ಜಾಗಗಳು ಇವು. ಬೋಲ್ಟ್ ಹಿಡಿಯ ಕೆಳಗೆ, ಬಲಬದಿಯ ಲೋಹದ ಪಟ್ಟಿಯ ಮೇಲೆ ಕಾರ್ಖಾನೆಯ ಗುರುತು ಮತ್ತು ವರ್ಷ ಇರುತ್ತೆ. ಇಶಾಪುರದಲ್ಲಿ 1947ಕ್ಕೆ ಮುಂಚೆ ಕಿರೀಟ, ಗಣರಾಜ್ಯವಾದ ಮೇಲೆ ಅಶೋಕ ಸ್ತಂಭದ ಸಿಂಹ, ಜೊತೆಗೆ 'ಆರ್‌ಎಫ್‌ಐ'. ರಿಸೀವರ್ ಮೇಲೆ ಮತ್ತು ಬೋಲ್ಟ್ ಹಿಡಿಯ ಮೇಲೆ ಸೀರಿಯಲ್ ನಂಬರ್ ಇರುತ್ತೆ, ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಬೋಲ್ಟ್ ಇನ್ನೊಂದು ರೈಫಲಿನದ್ದು ಅಂತರ್ಥ, ಹೆಡ್‌ಸ್ಪೇಸ್ ಮೇಲೆ ಭರವಸೆ ಇಡೋಕಾಗಲ್ಲ. 'ಡಿಪಿ' ಅಂತ ಇದ್ದರೆ ಅದು ಕವಾಯತಿಗೆ ಮಾತ್ರ ಅಂತ ಸೇನೆ ಬದಿಗಿಟ್ಟದ್ದು, ಹಾರಿಸಲೇಬಾರದು. ನಳಿಗೆಯ ಮೇಲೆ ಈಗಿನ ತೋಟೆಯ ಹೆಸರು ಸ್ಪಷ್ಟವಾಗಿರಬೇಕು. ಎಲ್ಲಾದರೂ ಉಜ್ಜಿದ, ವೆಲ್ಡ್ ಮಾಡಿದ, ಮತ್ತೆ ಕೊರೆದ ಗುರುತು ಕಂಡರೆ ಅಲ್ಲಿಗೆ ಮಾತು ಮುಗಿಸಿ.

ಮಾರ್ಕು ಹೇಳಿದ್ದು ನಿಜವಾ ಅಂತ ಖಚಿತ ಮಾಡ್ಕೊಳ್ಳೋಕೆ ಗನ್‌ಸ್ಮಿತ್‌ಗಳು ಚೇಂಬರಿನ ಅಚ್ಚು ತೆಗೀತಾರೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ಸೆರೋಸೇಫ್ ಅನ್ನೋ ಬಿಸ್ಮತ್ ಮಿಶ್ರಲೋಹ ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತೆ. ಅದನ್ನ ಖಾಲಿ ಚೇಂಬರಿಗೆ ಸುರಿದರೆ ತಣ್ಣಗಾಗುವಾಗ ಮೊದಲು ಸ್ವಲ್ಪ ಕುಗ್ಗಿ ಹೊರಗೆ ಬರುತ್ತೆ, ಆಮೇಲೆ ನಿಧಾನಕ್ಕೆ ಹಿಗ್ಗಿ ಸುಮಾರು ಒಂದು ಗಂಟೆಯಲ್ಲಿ ಚೇಂಬರಿನ ಸರಿಯಾದ ಅಳತೆಗೆ ಬರುತ್ತೆ. ಆಗ ಮೈಕ್ರೋಮೀಟರ್ ಹಿಡಿದು ಅಳೆಯೋದು. ಬಾಯಿಮಾತಿಗೆ ಅಲ್ಲಿ ಜಾಗ ಇಲ್ಲ. ಇದೆಲ್ಲಾ ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾಡುವ ಕೆಲಸ, ಹಾಸ್ಟೆಲ್ ರೂಮಿನದ್ದಲ್ಲ, ನಮ್ಮ ವರ್ಕ್‌ಶಾಪಿನದ್ದೂ ಅಲ್ಲ.

ಮೂರನೇ ಹೇಳಿಕೆ: ಕಾಗದ

1959ರ ಆಯುಧ ಕಾಯ್ದೆ ಪ್ರಕಾರ .303 ಖಾಸಗಿಯವರಿಗೆ ನಿಷೇಧಿತ ಬೋರು. .315 ನಿಷೇಧ ಇಲ್ಲದ್ದು, ಅದಕ್ಕೆ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ. ಈಗ ಯೋಚನೆ ಮಾಡಿ. ಲೈಸೆನ್ಸಿನಲ್ಲಿ .315 ಅಂತ ಬರೆದಿದೆ, ನಳಿಗೆ ಮೇಲೂ .315 ಅಂತ ಕೊರೆದಿದೆ, ಒಳಗೆ ಚೇಂಬರ್ ಮಾತ್ರ ಇನ್ನೂ .303. ಆಗ ನಿಮ್ಮ ಕೈಯಲ್ಲಿರೋದು ನಿಷೇಧಿತ ಆಯುಧ. "ನನಗೆ ಹೀಗೆ ಹೇಳಿ ಮಾರಿದರು" ಅಂದ ಮಾತ್ರಕ್ಕೆ ಅದರ ಬೋರು ಬದಲಾಗಲ್ಲ.

ಬದಲಾಯಿಸುವ ಕೆಲಸಕ್ಕೂ ಕಾನೂನಿದೆ. ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದು, ಮಾರೋದು ಅಷ್ಟೇ ಅಲ್ಲ, ವ್ಯಾಪಾರವಾಗಿ ಪರಿವರ್ತಿಸೋದು, ರಿಪೇರಿ ಮಾಡೋದು, ಪ್ರೂಫ್ ಮಾಡೋದು ಕೂಡ ಅಪರಾಧ. 2019ರ ತಿದ್ದುಪಡಿಯಲ್ಲಿ 6ನೇ ಕಲಮಿಗೆ ಇನ್ನೊಂದು ಮಾತು ಸೇರಿತು: ಒಂದು ವರ್ಗದ ಬಂದೂಕನ್ನ ಇನ್ನೊಂದು ವರ್ಗಕ್ಕೆ ಲೈಸೆನ್ಸ್ ಇಲ್ಲದೆ ಬದಲಾಯಿಸುವ ಹಾಗಿಲ್ಲ. ಇದಕ್ಕೆಲ್ಲಾ ಶಿಕ್ಷೆ ಕನಿಷ್ಠ 7 ವರ್ಷ ಜೈಲು. ನಂಬರ್ ಅಳಿಸೋದು, ತಿದ್ದೋದು 8ನೇ ಕಲಮಿನಲ್ಲಿ ಬೇರೆಯೇ ಅಪರಾಧ.

ಇನ್ನು ಸೆಕೆಂಡ್ ಹ್ಯಾಂಡ್ ವ್ಯವಹಾರ. ಬೈಕ್ ಕೊಂಡ ಹಾಗೆ ಇವತ್ತು ದುಡ್ಡು ಕೊಟ್ಟು ಇವತ್ತೇ ಮನೆಗೆ ತರೋ ಹಾಗಿಲ್ಲ. ಮಾರುವವರು ಕೊಳ್ಳುವವರ ಹೆಸರು, ವಿಳಾಸ ಸಮೇತ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿ ಕನಿಷ್ಠ 45 ದಿನ ಕಳೆದ ಮೇಲೆ ಮಾತ್ರ ಬಂದೂಕು ಕೈ ಬದಲಾಗಬಹುದು. ಕೊಳ್ಳುವವರ ಲೈಸೆನ್ಸಿನಲ್ಲಿ ಅದೇ ಬಗೆಯ ಆಯುಧಕ್ಕೆ ಅನುಮತಿ ಇರಬೇಕು. ಕೊಂಡ ಮೇಲೆ ನಂಬರ್ ಸಮೇತ ಲೈಸೆನ್ಸಿನಲ್ಲಿ ದಾಖಲಾಗಬೇಕು. ಲೈಸೆನ್ಸಿಗೆ ವಯಸ್ಸು 21 ಆಗಿರಬೇಕು, ಅಂದ್ರೆ ನಮ್ಮ ಕ್ಲಾಸಿನ ಹೆಚ್ಚಿನವರಿಗೆ ಇನ್ನೂ ಟೈಮಿದೆ. ಒಬ್ಬರಿಗೆ ಮೊದಲು ಮೂರು ಬಂದೂಕು ಇರಬಹುದಿತ್ತು, 2019ರ ತಿದ್ದುಪಡಿಯಿಂದ ಎರಡೇ.

ಆ 45 ದಿನ ಕಾಟ ಅನ್ನಿಸಬಹುದು. ನನ್ನ ಪ್ರಕಾರ ಅದು ಕೊಳ್ಳುವವರಿಗೆ ಸಿಕ್ಕ ಒಳ್ಳೇ ಸಮಯ. ಅಷ್ಟರಲ್ಲಿ ಲೈಸೆನ್ಸ್ ಇರುವ ಡೀಲರ್ ಹತ್ತಿರ ಗೇಜು ಹಾಕಿಸಿ, ಅಚ್ಚು ತೆಗೆಸಿ, ನಂಬರ್ ತಾಳೆ ನೋಡಬಹುದು. 'ಬೇಗ ತಗೊಳ್ಳಿ, ಬೇರೆಯವರು ಕಾಯ್ತಾ ಇದ್ದಾರೆ' ಅನ್ನುವ ಮಾರಾಟಗಾರನಿಗೆ ಕಾನೂನೇ ಉತ್ತರ ಕೊಟ್ಟಿದೆ.

ಕದ್ವಾಡಕ್ಕೆ ಇದರಿಂದ ಏನು?

ಕೊಡಗಿನವರ ಕೋವಿಯ ವಿಷಯ ಎಲ್ಲರಿಗೂ ಗೊತ್ತು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿದರು. ನಮ್ಮ ಕಾರವಾರ, ಅಂಕೋಲಾ ಕಡೆ ಅಂಥ ವಿನಾಯಿತಿ ಇಲ್ಲ. ಇಲ್ಲಿನ ಹಳ್ಳಿಗಳಲ್ಲಿ ಇರೋದು ಹೆಚ್ಚಾಗಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿಸುವ ಒಂಟಿ ನಳಿಗೆಯದ್ದು. ಕಾಯ್ದೆಯ 13ನೇ ಕಲಂ ಕೂಡ ಬೆಳೆ ರಕ್ಷಣೆಗೆ ಹೇಳೋದು ಈ ತರದ ಕೋವಿಯನ್ನೇ. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ಒಳಗೆ ನುಣುಪಾದ ನಳಿಗೆಯ ಬೇರೆ ಬಂದೂಕು. ಗೆರೆ ಇರುವ ನಳಿಗೆಯ ರೈಫಲ್ ಆ ಸಾಲಿನಲ್ಲಿ ಬರೋದೇ ಇಲ್ಲ. ಮತ್ತೆ ಬೆಳೆ ರಕ್ಷಣೆಯ ಲೈಸೆನ್ಸ್ ಅಂದ್ರೆ ಬೇಟೆಯ ಪರವಾನಗಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಮಾವನ ಹತ್ತಿರ ಇರೋದು ಈ ಕೇಪಿನ ಕೋವಿಯ ಲೈಸೆನ್ಸ್. ಹಾಗಾಗಿ ಆ ರೈಫಲಿನ ಚೇಂಬರ್ ಎಷ್ಟೇ ಚೆನ್ನಾಗಿದ್ದರೂ ಈ ಲೈಸೆನ್ಸಿನ ಮೇಲೆ ಅದನ್ನ ಕೊಳ್ಳೋಕೆ ಬರಲ್ಲ. ಮೂರನೇ ಹೇಳಿಕೆಯಲ್ಲೇ ಉತ್ತರ ಸಿಕ್ಕಿತು, ಮೊದಲೆರಡನ್ನ ಅಳೆಯುವ ಅಗತ್ಯವೇ ಬರಲಿಲ್ಲ. ಹಂದಿ ಗದ್ದೆಗೆ ನುಗ್ಗಿದಾಗ ರಾತ್ರಿಯಿಡೀ ತಗಡು ಬಡಿದು ಕೂತವರಿಗೆ ಈ ಉತ್ತರ ಸಮಾಧಾನ ಕೊಡಲ್ಲ, ಅದು ನನಗೂ ಗೊತ್ತು. ಆದರೆ ಗದ್ದೆಯ ನಷ್ಟ ಒಂದು ವರ್ಷದ್ದು. ಏಳು ವರ್ಷದ ಕೇಸಾಗಲಿ, ಹೋದ ಕಣ್ಣಾಗಲಿ ಹಾಗಲ್ಲ.

ಇನ್ನೊಂದು ಸಂದರ್ಭ ನಮ್ಮ ಓದುಗರ ಮನೆಗಳಲ್ಲೇ ಬರಬಹುದು. ಅಜ್ಜನ ಹೆಸರಿನಲ್ಲಿ ಬಂದೂಕು ಇರುತ್ತೆ, ಅಜ್ಜ ತೀರಿಕೊಂಡಿರುತ್ತಾರೆ, ಬಂದೂಕು ಅಟ್ಟದ ಮೇಲೆ ಉಳಿದಿರುತ್ತೆ. ಲೈಸೆನ್ಸ್ ಇದ್ದವರು ಹೋದ ಮೇಲೆ ಅದನ್ನ ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮಾ ಮಾಡಬೇಕು. ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕೋಕೆ 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. ಬದುಕಿರುವಾಗಲೇ, ಲೈಸೆನ್ಸ್‌ದಾರರಿಗೆ 70 ವರ್ಷ ಆದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆದರೆ ಮನೆಯವರ ಹೆಸರಿಗೆ ಬದಲಾಯಿಸುವ ದಾರಿಯೂ ಇದೆ. ಪ್ರತಿ ಚುನಾವಣೆಗೆ ಠಾಣೆಯಲ್ಲಿ ಬಂದೂಕು ಇಟ್ಟು ರಸೀದಿ ತರುವ ಮನೆಗಳಲ್ಲಿ, ಆ ರಸೀದಿಯ ನಂಬರನ್ನು ಬಂದೂಕಿನ ನಂಬರಿನ ಜೊತೆ ಒಮ್ಮೆ ತಾಳೆ ನೋಡಿ. ಐದು ನಿಮಿಷದ ಕೆಲಸ.

ರೈಫಲಿಗೆ ಸರಿಯಾದ ಲೈಸೆನ್ಸ್ ಇರುವವರಿಗೆ, ಅಂದ್ರೆ ನಿವೃತ್ತ ಸೈನಿಕರಿಗೋ ಶೂಟಿಂಗ್ ಕ್ರೀಡೆಯವರಿಗೋ, ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಮಾರ್ಕು, ಕೊನೆಗೆ ಚೇಂಬರ್. ಖರ್ಚು ಕಡಿಮೆ ಇರುವ ಪರೀಕ್ಷೆ ಮೊದಲು ಬರಲಿ. ಕಾಗದ ತಪ್ಪಿದ್ದರೆ ಗೇಜಿಗೆ ದುಡ್ಡು ಹಾಕೋದು ಬೇಡ. ಮಾರ್ಕು ಉಜ್ಜಿದ್ದರೆ ಅಚ್ಚು ತೆಗೆಯೋದು ಬೇಡ. ಮೂರೂ ಒಂದೇ ಉತ್ತರ ಕೊಟ್ಟ ಮೇಲೆ ಬೆಲೆಯ ಮಾತು. ಮಾರುವವರು ಅಳೆಯೋಕೆ ಬಿಡದಿದ್ದರೆ ಅದೂ ಒಂದು ಉತ್ತರವೇ.

ಟಾಲರೆನ್ಸ್ ಟೇಬಲಿನ ಮೈಕ್ರಾನುಗಳು ಪರೀಕ್ಷೆಗೆ ಮಾತ್ರ ಅಂತ ಅನ್ನಿಸಿದಾಗ .303 ಮತ್ತು .315 ನೆನಪಿಸಿಕೊಳ್ಳಿ. ಹೆಸರಿನಲ್ಲಿ ಒಂದು ಇಂಚಿನ ಸಾವಿರದ ಹನ್ನೆರಡು ಭಾಗದಷ್ಟು ಅಂತರ. ಅದರ ಒಂದು ಬದಿಯಲ್ಲಿ ಕಾನೂನು ಒಪ್ಪಿದ ಬಂದೂಕು, ಇನ್ನೊಂದು ಬದಿಯಲ್ಲಿ ಒಪ್ಪದ್ದು. ತಪ್ಪು ತೋಟೆಗೆ ತಪ್ಪು ಚೇಂಬರ್ ಜೊತೆಯಾದರೆ, ಅದನ್ನ ಮೊದಲು ಕಂಡುಹಿಡಿಯುವುದು ಅದರ ಹಿಂದೆ ಕೆನ್ನೆ ಒತ್ತಿ ನಿಂತವರು.